ಉಪ್ಪು ಹೆಚ್ಚಾದಷ್ಟೂ ತುಕ್ಕು ಹೆಚ್ಚುವುದೇ? ಶಾಲಾ ವಿಜ್ಞಾನ ಪ್ರಯೋಗವೊಂದನ್ನು ರೂಪಿಸುವ ಬಗೆ

ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ತುಕ್ಕಿನ ಪ್ರಯೋಗ ಪ್ರತಿ ವರ್ಷವೂ ಕಾಣಸಿಗುತ್ತದೆ. ಮೂರು ಪ್ರನಾಳಗಳಲ್ಲಿ ಮೂರು ಮೊಳೆಗಳಿರುತ್ತವೆ. ನೀರು ಮತ್ತು ಗಾಳಿ ಎರಡೂ ಇರುವ ಪ್ರನಾಳದ ಮೊಳೆ ಕೆಂಪಾಗಿರುತ್ತದೆ, ಉಳಿದೆರಡು ಹೊಳೆಯುತ್ತಿರುತ್ತವೆ. ಹತ್ತನೆಯ ತರಗತಿಯ ಪಠ್ಯದಲ್ಲಿರುವ ಈ ಚಟುವಟಿಕೆ ತನ್ನ ಮಟ್ಟಿಗೆ ಒಳ್ಳೆಯದೇ. ಆದರೆ ಅದರ ಉತ್ತರ ಪುಸ್ತಕದಲ್ಲಿ ಮೊದಲೇ ಅಚ್ಚಾಗಿರುವುದರಿಂದ, ಅದನ್ನು ಮಾಡಿದ ವಿದ್ಯಾರ್ಥಿ ಪಾಠವನ್ನು ಇನ್ನೊಮ್ಮೆ ತೋರಿಸಿದಂತಾಗುತ್ತದೆಯೇ ಹೊರತು ಹೊಸದೇನನ್ನೂ ಕಂಡುಕೊಂಡಂತಾಗುವುದಿಲ್ಲ. ಮೊಳೆ ತುಕ್ಕು ಹಿಡಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಎಷ್ಟು ಹಿಡಿಯುತ್ತದೆ, ಯಾವುದರಿಂದ ಹೆಚ್ಚುತ್ತದೆ, ಆ ಹೆಚ್ಚಳ ನಿಜವೋ ಆಕಸ್ಮಿಕವೋ ಎಂದು ಅಳೆದು ಹೇಳುವುದರಲ್ಲಿ ಪ್ರಯೋಗದ ಕಷ್ಟವೂ ಇದೆ, ಸಂತೋಷವೂ ಇದೆ.

ಎಂಟರಿಂದ ಹತ್ತನೆಯ ತರಗತಿಯ ವಿದ್ಯಾರ್ಥಿಗಳನ್ನೂ ಅವರಿಗೆ ನೆರವಾಗುವ ಶಿಕ್ಷಕರು ಹಾಗೂ ಪಾಲಕರನ್ನೂ ಮನಸ್ಸಿನಲ್ಲಿಟ್ಟುಕೊಂಡು, ಅಂಥದೊಂದು ಪ್ರಯೋಗವನ್ನು ಪ್ರಶ್ನೆಯಿಂದ ವರದಿಯವರೆಗೆ ಇಲ್ಲಿ ವಿವರಿಸಲಾಗಿದೆ. ಇದಕ್ಕೆ ಸುಮಾರು ಆರು ವಾರಗಳು ಬೇಕು. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನಕ್ಕೆ ಸಿದ್ಧವಾಗಬೇಕಿದ್ದರೆ ಜನವರಿಯ ಮೊದಲ ವಾರದಲ್ಲೇ ಮೊಳೆಗಳು ನೀರಿಗೆ ಬಿದ್ದಿರಬೇಕು.

ಮೊದಲ ಹಂತ: ಪ್ರಶ್ನೆಯನ್ನು ಕಿರಿದಾಗಿಸುವುದು

"ತುಕ್ಕಿನ ಬಗ್ಗೆ ಒಂದು ಪ್ರಯೋಗ" ಎಂಬುದು ಪ್ರಶ್ನೆಯಲ್ಲ, ವಿಷಯ. ಪ್ರಶ್ನೆಯೆಂದರೆ ಒಂದೇ ಒಂದು ಅಂಶವನ್ನು ಬದಲಿಸಿ, ಅದರ ಪರಿಣಾಮವನ್ನು ಒಂದು ಅಳತೆಯಿಂದ ಹೇಳಲು ಸಾಧ್ಯವಾಗುವಂಥದ್ದು. ನೀರಿನಲ್ಲಿ ಕರಗಿರುವ ಉಪ್ಪಿನ ಪ್ರಮಾಣ ಹೆಚ್ಚಾದಂತೆ ಕಬ್ಬಿಣದ ಮೊಳೆ ಕಳೆದುಕೊಳ್ಳುವ ತೂಕವೂ ಹೆಚ್ಚುತ್ತಲೇ ಹೋಗುತ್ತದೆಯೇ ಎಂಬುದು ಈ ಲೇಖನಕ್ಕಾಗಿ ಆರಿಸಿಕೊಂಡಿರುವ ಪ್ರಶ್ನೆ.

ಈ ಪ್ರಶ್ನೆಯನ್ನೇ ಆರಿಸಿಕೊಳ್ಳಲು ಕಾರಣವಿದೆ. ಹತ್ತು ವಿದ್ಯಾರ್ಥಿಗಳನ್ನು ಕೇಳಿದರೆ ಬಹುಶಃ ಹತ್ತೂ ಮಂದಿ ಹೌದೆಂದೇ ಹೇಳುತ್ತಾರೆ. ಉಪ್ಪು ತುಕ್ಕನ್ನು ಹೆಚ್ಚಿಸುತ್ತದೆ ಎಂದು ಓದಿರುತ್ತಾರೆ, ಹಾಗಾಗಿ ಹೆಚ್ಚು ಉಪ್ಪಿಗೆ ಹೆಚ್ಚು ತುಕ್ಕು ಎಂಬ ಊಹೆ ಸಹಜ. ವಾಸ್ತವ ಹಾಗಿಲ್ಲ. ಉಪ್ಪಿನ ಪ್ರಮಾಣ ಶೇಕಡಾ 3ರ ಆಸುಪಾಸಿಗೆ, ಅಂದರೆ ಹೆಚ್ಚುಕಡಿಮೆ ಸಮುದ್ರದ ನೀರಿನ ಮಟ್ಟಕ್ಕೆ, ಏರುವವರೆಗೆ ಕಬ್ಬಿಣ ಸವೆಯುವ ವೇಗ ಹೆಚ್ಚುತ್ತದೆ; ಆಮೇಲೆ ಇಳಿಯತೊಡಗುತ್ತದೆ. ಊಹೆಯೊಂದನ್ನು ಬರೆದಿಟ್ಟುಕೊಂಡು, ತನ್ನದೇ ಅಳತೆ ಅದನ್ನು ಸುಳ್ಳೆಂದು ತೋರಿಸುವುದನ್ನು ಕಣ್ಣಾರೆ ಕಾಣುವ ಅವಕಾಶ ಶಾಲೆಯ ವಯಸ್ಸಿನಲ್ಲಿ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಶಿಕ್ಷಕರು ಈ ವಿಷಯವನ್ನು ಮೊದಲೇ ಹೇಳದಿರುವುದು ಒಳಿತು. ವಿದ್ಯಾರ್ಥಿ ತನ್ನ ಊಹೆಯನ್ನು ದಿನಾಂಕ ಸಹಿತ ನೋಟ್‌ಬುಕ್ಕಿನಲ್ಲಿ ಬರೆಯಲಿ. ಮುಂದೆ ಅದನ್ನು ತಿದ್ದುವಂತಿಲ್ಲ.

ಎರಡನೆಯ ಹಂತ: ನಡೆಯುವುದೇನೆಂದು ತಿಳಿದುಕೊಳ್ಳುವುದು

ತುಕ್ಕು ಹಿಡಿಯುವುದು ಒಂದು ವಿದ್ಯುತ್-ರಾಸಾಯನಿಕ ಕ್ರಿಯೆ. ಮೊಳೆಯ ಮೇಲ್ಮೈಯ ಒಂದು ಕಡೆ ಕಬ್ಬಿಣದ ಪರಮಾಣು ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಯಾನಾಗಿ, ಅಂದರೆ ವಿದ್ಯುದಂಶವಿರುವ ಕಣವಾಗಿ, ನೀರಿಗೆ ಇಳಿಯುತ್ತದೆ, ಇದು ಆನೋಡ್. ಆ ಎಲೆಕ್ಟ್ರಾನುಗಳು ಲೋಹದೊಳಗೇ ಹರಿದು ಇನ್ನೊಂದು ಕಡೆಗೆ ಹೋಗಿ, ಅಲ್ಲಿ ನೀರಿನಲ್ಲಿ ಕರಗಿರುವ ಆಕ್ಸಿಜನ್ ಮತ್ತು ನೀರಿನೊಂದಿಗೆ ಸೇರಿ ಹೈಡ್ರಾಕ್ಸೈಡ್ ಅಯಾನುಗಳನ್ನು ಉಂಟುಮಾಡುತ್ತವೆ, ಇದು ಕ್ಯಾಥೋಡ್. ಕಬ್ಬಿಣದ ಅಯಾನು ಮತ್ತು ಹೈಡ್ರಾಕ್ಸೈಡ್ ಅಯಾನುಗಳು ನೀರಿನಲ್ಲಿ ಸಂಧಿಸಿ, ಮತ್ತಷ್ಟು ಆಕ್ಸಿಜನ್ ಪಡೆದು, ನೀರಿನಂಶವಿರುವ ಕಬ್ಬಿಣದ ಆಕ್ಸೈಡ್ ಆಗುತ್ತವೆ. ಅದೇ ನಾವು ಕಾಣುವ ಕೆಂಗಂದು ತುಕ್ಕು.

ಅಂದರೆ ಒಂದೇ ಮೊಳೆಯಲ್ಲಿ ಒಂದು ಪುಟ್ಟ ವಿದ್ಯುತ್ಕೋಶವಿದೆ, ಅದರ ಮಂಡಲ ಪೂರ್ಣವಾಗಬೇಕಾದರೆ ನೀರಿನ ಮೂಲಕ ಅಯಾನುಗಳು ಸಾಗಬೇಕು. ಶುದ್ಧ ನೀರು ವಿದ್ಯುತ್ತನ್ನು ಬಹಳ ಕಡಿಮೆ ಹರಿಯಗೊಡುತ್ತದೆ. ಉಪ್ಪು ಕರಗಿದಾಗ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು ಆ ಕೆಲಸವನ್ನು ಸಲೀಸುಗೊಳಿಸುತ್ತವೆ. ಜೊತೆಗೆ ಕ್ಲೋರೈಡ್ ಅಯಾನು ಕಬ್ಬಿಣದ ಮೇಲೆ ಉಂಟಾಗುವ ತೆಳುವಾದ ರಕ್ಷಕ ಪದರವನ್ನು ಒಡೆಯುತ್ತದೆ. ಹಾಗಾದರೆ ಉಪ್ಪು ಮಿತಿಮೀರಿದಾಗ ವೇಗ ಇಳಿಯುವುದೇಕೆ? ಉಪ್ಪು ಹೆಚ್ಚಾದಂತೆ ನೀರಿನಲ್ಲಿ ಆಕ್ಸಿಜನ್ ಕರಗುವುದು ಕಡಿಮೆಯಾಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಹಿನೀರಿನ ಒಂದು ಲೀಟರಿನಲ್ಲಿ ಸುಮಾರು 8 ಮಿಲಿಗ್ರಾಂ ಆಕ್ಸಿಜನ್ ಕರಗಿರಬಲ್ಲದು. ಸಮುದ್ರದ ನೀರಿನಲ್ಲಿ 7 ಮಿಲಿಗ್ರಾಂಗಿಂತ ಕಡಿಮೆ. ಉಪ್ಪು ಇನ್ನು ಕರಗದೆಂಬಷ್ಟು ತುಂಬಿದ ನೀರಿನಲ್ಲಿ ಇನ್ನೂ ತೀರ ಕಡಿಮೆ. ಅಯಾನುಗಳ ದಾರಿ ಎಷ್ಟೇ ಸುಗಮವಾದರೂ ಕ್ಯಾಥೋಡಿನಲ್ಲಿ ಆಕ್ಸಿಜನ್ ಇಲ್ಲದಿದ್ದರೆ ಕ್ರಿಯೆ ಕುಂಟುತ್ತದೆ. ಪಠ್ಯಪುಸ್ತಕದ ಮೂರು ಪ್ರನಾಳಗಳು ಹೇಳುವ "ನೀರೂ ಬೇಕು, ಗಾಳಿಯೂ ಬೇಕು" ಎಂಬ ಮಾತು ಇಲ್ಲಿ ಅಂಕಿಗಳ ರೂಪದಲ್ಲಿ ಮತ್ತೆ ಎದುರಾಗುತ್ತದೆ.

ಮೂರನೆಯ ಹಂತ: ಮೊಳೆಗಳ ಆಯ್ಕೆ

ಈ ಪ್ರಯೋಗ ಕೆಡುವುದಿದ್ದರೆ ಹೆಚ್ಚಾಗಿ ಅಂಗಡಿಯಲ್ಲೇ ಕೆಡುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಮ್ಮನೆ ಮೊಳೆ ಕೇಳಿದರೆ ಕೆಲವೊಮ್ಮೆ ಸತುವಿನ ಲೇಪನವಿರುವ ಮೊಳೆ ಕೈಗೆ ಬರುತ್ತದೆ. ಅದು ತಿಂಗಳಾದರೂ ಕೆಂಪಾಗುವುದಿಲ್ಲ, ಬಿಳಿ ಪುಡಿಯನ್ನಷ್ಟೇ ಬಿಡುತ್ತದೆ. ವಿದ್ಯಾರ್ಥಿಗಳು ಉಪ್ಪಿನಿಂದ ತುಕ್ಕೇ ಹಿಡಿಯುವುದಿಲ್ಲ ಎಂದು ಬರೆದುಬಿಡುತ್ತಾರೆ. ಅಯಸ್ಕಾಂತದಿಂದ ಪರೀಕ್ಷಿಸಿ ಪ್ರಯೋಜನವಿಲ್ಲ, ಸತುಲೇಪಿತ ಮೊಳೆಯ ಒಳಗೂ ಕಬ್ಬಿಣವೇ ಇರುವುದರಿಂದ ಅದೂ ಅಂಟಿಕೊಳ್ಳುತ್ತದೆ. ಲೇಪನವಿಲ್ಲದ ಸಾದಾ ಎರಡು ಇಂಚಿನ ಮೊಳೆಯೇ ಬೇಕೆಂದು ಕೇಳಿ, ಒಂದೇ ಡಬ್ಬಿಯಿಂದ ಅರ್ಧ ಕಿಲೋ ತೂಗಿಸಿಕೊಂಡು, ಮನೆಗೆ ತಂದ ಮೇಲೆ ಎರಡು ಮೊಳೆಗಳನ್ನು ಉಪ್ಪುನೀರಿನಲ್ಲಿ ಒಂದು ರಾತ್ರಿ ನೆನೆಸಿ ನೋಡಬೇಕು. ಬೆಳಿಗ್ಗೆಯ ಹೊತ್ತಿಗೆ ಕಿತ್ತಳೆ ಬಣ್ಣ ಕಾಣಿಸಿದರೆ ಮೊಳೆ ಸರಿಯಾಗಿದೆ.

ಎರಡು ಇಂಚಿನ ಸಾಮಾನ್ಯ ಮೊಳೆ ಹೆಚ್ಚುಕಡಿಮೆ 2.4 ಗ್ರಾಂ ತೂಗುತ್ತದೆ. ಮುಂದಿನ ಹಂತದಲ್ಲಿ ವಿವರಿಸುವ ನಮ್ಮ ವಿನ್ಯಾಸಕ್ಕೆ 75 ಮೊಳೆಗಳು, ಎಂಟನೆಯ ಹಂತದಲ್ಲಿ ಬರುವ ಶುಚಿಗೊಳಿಸುವ ಪರೀಕ್ಷೆಗೆ 15 ಮೊಳೆಗಳು, ಒಟ್ಟು 90 ಬೇಕು. ಅರ್ಧ ಕಿಲೋದಲ್ಲಿ ಇವು ಬಂದು ಇನ್ನೂ ಮಿಗುತ್ತವೆ. ಮಿಕ್ಕವುಗಳಲ್ಲಿ ಸೊಟ್ಟಗಿರುವುದನ್ನೂ ಆಗಲೇ ಕಲೆ ಬಿದ್ದಿರುವುದನ್ನೂ ಆರಿಸಿ ತೆಗೆಯಬಹುದು.

ತಯಾರಿಕೆಯ ಹೊತ್ತಿನಲ್ಲಿ ಬಳಸಿದ ಎಣ್ಣೆಯ ಪಸೆ ಮೊಳೆಗಳ ಮೇಲೆ ಉಳಿದಿರುತ್ತದೆ. ಪಾತ್ರೆ ತೊಳೆಯುವ ಸೋಪಿನ ಬಿಸಿನೀರಿನಲ್ಲಿ ತೊಳೆದು, ನಯವಾದ ಎಮೆರಿ ಕಾಗದದಿಂದ ಪ್ರತಿ ಮೊಳೆಯನ್ನೂ ಉಜ್ಜಿ, ಮತ್ತೆ ತೊಳೆದು, ಬಟ್ಟೆಯಲ್ಲಿ ಒರೆಸಿ ತಕ್ಷಣ ಒಣಗಿಸಬೇಕು. ಆಮೇಲೆ ಬರಿಗೈಯಿಂದ ಮುಟ್ಟಬಾರದು, ಬೆವರಿನಲ್ಲೂ ಉಪ್ಪಿದೆ. ಸ್ಟೀಲ್ ಸ್ಕ್ರಬ್ಬರ್ ಬಳಸಬಾರದೇ ಎಂದು ಕೆಲವರು ಕೇಳುತ್ತಾರೆ. ಅಡುಗೆಮನೆಯ ಹೊಳೆಯುವ ಸುರುಳಿ ಸ್ಕ್ರಬ್ಬರ್ ಸಾಮಾನ್ಯವಾಗಿ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕಿನದು, ಉಜ್ಜಲು ಆದೀತು, ಮೊಳೆಯ ಬದಲಿಗೆ ಆಗದು.

ನಾಲ್ಕನೆಯ ಹಂತ: ಎಷ್ಟು ಮೊಳೆ, ಎಷ್ಟು ದಿನ ಎಂಬ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಪ್ರಯೋಗವನ್ನು ಆರಂಭಿಸುವ ಮೊದಲೇ ಅದರ ಫಲಿತಾಂಶವನ್ನು ಅಳೆಯಲು ನಮ್ಮ ತಕ್ಕಡಿಗೆ ಸಾಧ್ಯವಿದೆಯೇ ಎಂದು ನೋಡಿಕೊಳ್ಳುವ ಅಭ್ಯಾಸವನ್ನು ಶಾಲೆಗಳಲ್ಲಿ ಸಾಕಷ್ಟು ಕಲಿಸುತ್ತಿಲ್ಲ.

ಸಮುದ್ರದ ನೀರಿನಲ್ಲಿ ಮುಳುಗಿದ ಸಾದಾ ಉಕ್ಕು ವರ್ಷಕ್ಕೆ ಸುಮಾರು 0.1 ಮಿಲಿಮೀಟರಿನಷ್ಟು ಸವೆಯುತ್ತದೆ ಎಂಬುದು ಇಂಜಿನಿಯರುಗಳು ಬಳಸುವ ಒಂದು ಸ್ಥೂಲ ಅಂದಾಜು. ಮೊಳೆಯ ಉದ್ದ 50 ಮಿ.ಮೀ., ದಪ್ಪ 2.8 ಮಿ.ಮೀ. ಎಂದಿಟ್ಟುಕೊಂಡರೆ ಅದರ ಮೇಲ್ಮೈ ಸುಮಾರು 440 ಚದರ ಮಿ.ಮೀ. ಆಗುತ್ತದೆ. ಮೂವತ್ತು ದಿನಗಳಲ್ಲಿ 0.008 ಮಿ.ಮೀ. ಸವೆದರೆ ಹೋಗುವ ಕಬ್ಬಿಣ ಸುಮಾರು 3.6 ಘನ ಮಿ.ಮೀ.; ಕಬ್ಬಿಣದ ಸಾಂದ್ರತೆಯಿಂದ ಗುಣಿಸಿದರೆ 28 ಮಿಲಿಗ್ರಾಂ, ಅಂದರೆ 0.03 ಗ್ರಾಂ. ಒಂದು ಗ್ರಾಂಗೆ ಅಂಕಿ ಬದಲಿಸುವ ಅಡುಗೆಮನೆಯ ತಕ್ಕಡಿಗೆ ಇದು ಕಾಣುವುದೇ ಇಲ್ಲ. ಚಿನ್ನ ಬೆಳ್ಳಿ ತೂಗಲು ಬಳಸುವ 0.01 ಗ್ರಾಂ ನಿಖರತೆಯ ಪುಟ್ಟ ಡಿಜಿಟಲ್ ತಕ್ಕಡಿಗೂ ಒಂದೇ ಮೊಳೆಯಾದರೆ ಕೊನೆಯ ಅಂಕಿಯಲ್ಲಿ ಮೂರರಷ್ಟು ವ್ಯತ್ಯಾಸ ಮಾತ್ರ ಕಾಣುತ್ತದೆ, ಅದನ್ನು ನಂಬುವಂತಿಲ್ಲ. ಐದು ಮೊಳೆಗಳನ್ನು ಒಟ್ಟಿಗೆ ಇಟ್ಟು ಒಟ್ಟಿಗೆ ತೂಗಿದರೆ ವ್ಯತ್ಯಾಸ 0.14 ಗ್ರಾಂನಷ್ಟಾಗುತ್ತದೆ, ಈಗ ಅಳತೆಗೆ ಅರ್ಥ ಬಂತು.

ಹೀಗಾಗಿ ಒಂದೊಂದು ಡಬ್ಬಿಯಲ್ಲಿ ಐದು ಮೊಳೆಗಳು, ಒಂದೊಂದು ಉಪ್ಪಿನ ಪ್ರಮಾಣಕ್ಕೆ ಮೂರು ಡಬ್ಬಿಗಳು, ಅವಧಿ ಮೂವತ್ತು ದಿನ. ಒಂದೇ ಪ್ರಮಾಣಕ್ಕೆ ಮೂರು ಡಬ್ಬಿ ಇಡುವುದು ದುಂದುವೆಚ್ಚವಲ್ಲ. ಒಂದೇ ಡಬ್ಬಿ ಇದ್ದರೆ, ಎರಡು ಪ್ರಮಾಣಗಳ ನಡುವೆ ಕಂಡ ವ್ಯತ್ಯಾಸ ಉಪ್ಪಿನಿಂದ ಬಂದದ್ದೋ, ಆ ಮೊಳೆಗಳ ಗುಣದಿಂದ ಬಂದದ್ದೋ ಎಂದು ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಮೊಳೆ, ಡಬ್ಬಿ, ಜಾಗ ಕಡಿಮೆ ಇದ್ದರೆ ಉಪ್ಪಿನ ಪ್ರಮಾಣಗಳನ್ನು ಐದರಿಂದ ಮೂರಕ್ಕೆ ಇಳಿಸಿ; ಪುನರಾವರ್ತನೆಯನ್ನು ಮಾತ್ರ ಬಿಡಬೇಡಿ.

ಐದನೆಯ ಹಂತ: ದ್ರಾವಣಗಳನ್ನು ತಯಾರಿಸುವುದು

ಐದು ಪ್ರಮಾಣಗಳು ಸಾಕು: ತೂಕದ ಲೆಕ್ಕದಲ್ಲಿ ಶೇಕಡಾ 0, 1, 3.5, 10 ಮತ್ತು 25. ಪ್ರತಿಯೊಂದನ್ನೂ ಒಂದು ಕಿಲೋದಷ್ಟು ತಯಾರಿಸಿದರೆ ಅಡುಗೆಮನೆಯ ತಕ್ಕಡಿಯೇ ಸಾಕಾಗುತ್ತದೆ. ಶೇಕಡಾ 1ಕ್ಕೆ 10 ಗ್ರಾಂ ಉಪ್ಪು ಮತ್ತು 990 ಗ್ರಾಂ ನೀರು, 3.5ಕ್ಕೆ 35 ಗ್ರಾಂ ಉಪ್ಪು ಮತ್ತು 965 ಗ್ರಾಂ ನೀರು; 10ಕ್ಕೆ 100 ಗ್ರಾಂ ಉಪ್ಪು ಮತ್ತು 900 ಗ್ರಾಂ ನೀರು; 25ಕ್ಕೆ 250 ಗ್ರಾಂ ಉಪ್ಪು ಮತ್ತು 750 ಗ್ರಾಂ ನೀರು. ಕೊನೆಯದು ಕರಗಲು ಚೆನ್ನಾಗಿ ಕಲಕಬೇಕು, ಏಕೆಂದರೆ ಉಪ್ಪು ನೀರಿನಲ್ಲಿ ಕರಗುವ ಮಿತಿಗೆ ಅದು ಬಹಳ ಹತ್ತಿರವಿದೆ. ಒಂದು ಕಿಲೋ ಉಪ್ಪಿನ ಒಂದೇ ಪೊಟ್ಟಣದಿಂದ ಎಲ್ಲವನ್ನೂ ತಯಾರಿಸಬೇಕು. ಕಲ್ಲುಪ್ಪು ಮತ್ತು ಪುಡಿಯುಪ್ಪನ್ನು ಬೆರೆಸಬಾರದು, ಪುಡಿಯುಪ್ಪಿನಲ್ಲಿ ಗಂಟು ಕಟ್ಟದಿರಲೆಂದು ಸೇರಿಸಿದ ವಸ್ತುಗಳೂ ಇರುತ್ತವೆ.

ನೀರಿನ ಬಗ್ಗೆಯೂ ಅಷ್ಟೇ ಎಚ್ಚರ ಬೇಕು. ನಲ್ಲಿಯ ನೀರು, ಬೋರ್‌ವೆಲ್ ನೀರು, ಬಾವಿಯ ನೀರು ಒಂದೊಂದು ಊರಿನಲ್ಲಿ ಒಂದೊಂದು ಬಗೆ. ಕೋಲಾರ, ಚಿಕ್ಕಬಳ್ಳಾಪುರದಂಥ ಕಡೆಗಳಲ್ಲಿ ಆಳದ ಬೋರ್‌ವೆಲ್‌ಗಳಿಂದ ಬರುವ ಗಡಸು ನೀರಿನಲ್ಲಿ ಕರಗಿರುವ ಲವಣಗಳು ಮೊಳೆಯ ಮೇಲೆ ಸುಣ್ಣದ ತೆಳು ಪದರ ಕಟ್ಟಿ ಸವೆತವನ್ನೇ ತಡೆಯಬಹುದು. ಆಗ ಶೂನ್ಯ ಎಂದು ಬರೆದ ಡಬ್ಬಿಯಲ್ಲಿ ನಿಜವಾಗಿ ಶೂನ್ಯವಿರುವುದಿಲ್ಲ. ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರು ಲವಣ ತೆಗೆದ ನೀರಾಗಿರುವುದರಿಂದ ಅದನ್ನೇ ಎಲ್ಲ ದ್ರಾವಣಗಳಿಗೂ ಬಳಸಬಹುದು. ಐದು ಲೀಟರಿನ ಎರಡು ಕ್ಯಾನ್ ಕೊಂಡರೆ ಮುಂದೆ ಆವಿಯಾದ ನೀರನ್ನು ತುಂಬಲಿಕ್ಕೂ ಆಗುತ್ತದೆ.

ಆರನೆಯ ಹಂತ: ಡಬ್ಬಿಗಳನ್ನು ಜೋಡಿಸುವುದು

ಹೋಟೆಲಿನವರು ಪಾರ್ಸೆಲ್ ಕೊಡುವ ಅಗಲ ತಳದ ಪ್ಲಾಸ್ಟಿಕ್ ಡಬ್ಬಿಗಳು ಈ ಕೆಲಸಕ್ಕೆ ಹೇಳಿಮಾಡಿಸಿದಂತಿವೆ. ಹದಿನೈದೂ ಒಂದೇ ಅಳತೆಯವಾಗಿರಬೇಕು, ಲೋಹದ ಪಾತ್ರೆ ಖಂಡಿತ ಬೇಡ. ಐದು ಮೊಳೆಗಳನ್ನು ಒಟ್ಟಿಗೆ ತೂಗಿ, ತೂಕವನ್ನು ಬರೆದುಕೊಂಡು, ಒಂದಕ್ಕೊಂದು ತಾಗದಂತೆ ತಳದಲ್ಲಿ ಮಲಗಿಸಿ, ಅವುಗಳ ಮೇಲೆ ಒಂದು ಸೆಂಟಿಮೀಟರಿನಷ್ಟು ನಿಲ್ಲುವಂತೆ ದ್ರಾವಣ ಸುರಿಯಬೇಕು. ಪ್ರತಿ ಡಬ್ಬಿಗೂ ಅಳೆದು ಒಂದೇ ಪ್ರಮಾಣ ಹಾಕುವುದು ಮುಖ್ಯ, ಏಕೆಂದರೆ ಆಕ್ಸಿಜನ್ ಗಾಳಿಯಿಂದ ನೀರಿಗಿಳಿದು ಮೊಳೆಯನ್ನು ತಲುಪಬೇಕು. ನೀರು ಆಳವಾದಷ್ಟೂ ಆ ದಾರಿ ಉದ್ದವಾಗುತ್ತದೆ. ಮುಚ್ಚಳ ಹಾಕಬಾರದು, ಧೂಳು ಬೀಳದಂತೆ ತೆಳುವಾದ ಬಟ್ಟೆ ಹೊದಿಸಿದರೆ ಸಾಕು.

ಡಬ್ಬಿಯ ಹೊರಗೆ ನೀರಿನ ಮಟ್ಟಕ್ಕೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆಯಿರಿ. ದಿನ ಕಳೆದಂತೆ ನೀರು ಆವಿಯಾಗಿ ಮಟ್ಟ ಇಳಿಯುತ್ತದೆ, ಆದರೆ ಉಪ್ಪು ಆವಿಯಾಗುವುದಿಲ್ಲ. ಆದ್ದರಿಂದ ಗೆರೆಯವರೆಗೆ ತುಂಬುವಾಗ ಬರಿಯ ಬ್ಯಾಟರಿ ನೀರನ್ನೇ ಹಾಕಬೇಕು. ಉಪ್ಪಿನ ದ್ರಾವಣವನ್ನೇ ಮತ್ತೆ ಸುರಿಯುತ್ತ ಹೋದರೆ ಶೇಕಡಾ 3.5 ಎಂದು ಬರೆದ ಡಬ್ಬಿಯಲ್ಲಿ ತಿಂಗಳ ಕೊನೆಗೆ 5ರಷ್ಟು ಇದ್ದರೂ ಆಶ್ಚರ್ಯವಿಲ್ಲ. ದಿನ ಬಿಟ್ಟು ದಿನ ಒಂದೇ ಹೊತ್ತಿಗೆ ತುಂಬುವ ಕೆಲಸವನ್ನು ತಂಡದಲ್ಲಿ ಒಬ್ಬರಿಗೆ ವಹಿಸಿಕೊಡಿ.

ಡಬ್ಬಿಗಳನ್ನು ಸಾಲಾಗಿ ಕಡಿಮೆ ಉಪ್ಪಿನಿಂದ ಹೆಚ್ಚು ಉಪ್ಪಿಗೆ ಜೋಡಿಸಿದರೆ ನೋಡಲು ಅಂದ, ಆದರೆ ಆ ಸಾಲಿನ ಒಂದು ತುದಿ ಕಿಟಕಿಯ ಬಿಸಿಲಿಗೆ ಹತ್ತಿರವಿದ್ದರೆ ಉಪ್ಪಿನ ಜೊತೆಗೆ ಉಷ್ಣತೆಯೂ ಬದಲಾದಂತಾಯಿತು. ಹದಿನೈದು ಚೀಟಿಗಳನ್ನು ಬರೆದು, ಎತ್ತಿದ ಕ್ರಮದಲ್ಲಿ ಡಬ್ಬಿಗಳನ್ನು ಇಡಿ. ನೇರ ಬಿಸಿಲು ಬೀಳದ, ಯಾರೂ ಅಲುಗಾಡಿಸದ ಕಪಾಟು ಅಥವಾ ಮೇಜು ಬೇಕು. ಅಲ್ಲಿಯ ಉಷ್ಣತೆಯನ್ನು ದಿನಕ್ಕೊಮ್ಮೆ ಬರೆದಿಡಿ.

ಏಳನೆಯ ಹಂತ: ನೋಡುವುದು ಮತ್ತು ಬರೆಯುವುದು

ಮೊದಲ ದಿನವೇ ಹತ್ತಿರದಿಂದ ನೋಡಿ. ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು. ಶೇಕಡಾ 3.5ರ ಡಬ್ಬಿಯಲ್ಲಿ ಕೆಲವು ಗಂಟೆಗಳಲ್ಲೇ ಬದಲಾವಣೆ ಕಾಣುತ್ತದೆ, ಅದೂ ಮೊಳೆಯ ಉದ್ದಕ್ಕೂ ಸಮನಾಗಿ ಅಲ್ಲ, ಬಹುಪಾಲು ತಲೆಯ ಅಂಚಿನಲ್ಲಿ ಮತ್ತು ಚೂಪಾದ ತುದಿಯಲ್ಲಿ. ಕಾರ್ಖಾನೆಯಲ್ಲಿ ತಂತಿಯನ್ನು ಜಜ್ಜಿ ತಲೆ ಮಾಡಿದ, ಕತ್ತರಿಸಿ ತುದಿ ಮಾಡಿದ ಜಾಗಗಳಲ್ಲಿ ಲೋಹ ಒತ್ತಡಕ್ಕೆ ಸಿಕ್ಕಿರುವುದರಿಂದ ಅವು ಸುಲಭವಾಗಿ ಆನೋಡ್ ಆಗುತ್ತವೆ. ಇನ್ನೊಂದು ವಿಷಯವನ್ನೂ ಗಮನಿಸಿ: ಉಪ್ಪುನೀರಿನಲ್ಲಿ ತುಕ್ಕು ಮೊಳೆಗೆ ಅಂಟಿಕೊಂಡಿರುವುದಕ್ಕಿಂತ ಹೆಚ್ಚಾಗಿ ಸುತ್ತಲಿನ ನೀರಿನಲ್ಲಿ ಕಿತ್ತಳೆ ಬಣ್ಣದ ನಯವಾದ ಕೆಸರಾಗಿ ತಳಕ್ಕಿಳಿಯುತ್ತದೆ, ಅದರ ಕೆಳಗೆ ಮೊಳೆಗೆ ಹತ್ತಿಕೊಂಡ ಪದರ ಕಪ್ಪು ಅಥವಾ ಕಡು ಹಸಿರಾಗಿರಬಹುದು, ಅಲ್ಲಿಗೆ ಆಕ್ಸಿಜನ್ ಸಾಲದಿರುವುದರಿಂದ ಕಬ್ಬಿಣ ಪೂರ್ತಿ ಉತ್ಕರ್ಷಣೆಗೊಂಡಿರುವುದಿಲ್ಲ. ಲೋಹ ಸವೆಯುವ ಜಾಗವೇ ಬೇರೆ, ತುಕ್ಕು ಕೂರುವ ಜಾಗವೇ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ. ಅದೇ ಕಾರಣಕ್ಕೆ ಎಷ್ಟು ಕೆಂಪಾಗಿದೆ ಎಂದು ಕಣ್ಣಳತೆಯಿಂದ ಅಂಕ ಕೊಡುವ ವಿಧಾನವನ್ನು ಮುಖ್ಯ ಅಳತೆಯಾಗಿ ಬಳಸಬಾರದು.

ಫೋಟೋ ತೆಗೆಯುವಾಗ ಒಂದೇ ಫೋನ್, ಒಂದೇ ಎತ್ತರ, ಒಂದೇ ಬೆಳಕು ಇರಲಿ, ಪಕ್ಕದಲ್ಲಿ ಬಿಳಿ ಕಾಗದ ಮತ್ತು ಅಳತೆಪಟ್ಟಿ ಇರಲಿ. ಮೊದಲ ವಾರ ದಿನಕ್ಕೊಂದು, ಆಮೇಲೆ ವಾರಕ್ಕೆರಡು ಸಾಕು.

ಎಂಟನೆಯ ಹಂತ: ತುಕ್ಕು ತೆಗೆದು ತೂಗುವುದು

ತುಕ್ಕು ಹಿಡಿದ ಮೊಳೆಯನ್ನು ಹಾಗೆಯೇ ತೂಗಿದರೆ ಏನೂ ತಿಳಿಯುವುದಿಲ್ಲ. ಕಬ್ಬಿಣ ಆಕ್ಸಿಜನ್ ಮತ್ತು ನೀರನ್ನು ಕೂಡಿಸಿಕೊಂಡಾಗ ಒಂದು ಗ್ರಾಂ ಕಬ್ಬಿಣ ಸುಮಾರು ಒಂದೂವರೆ ಗ್ರಾಂ ತುಕ್ಕಾಗುತ್ತದೆ. ಅದರಲ್ಲಿ ಎಷ್ಟು ಮೊಳೆಗೆ ಅಂಟಿದೆ, ಎಷ್ಟು ಕೆಸರಾಗಿ ಉದುರಿದೆ ಎಂಬುದು ಪ್ರತಿ ಡಬ್ಬಿಯಲ್ಲೂ ಬೇರೆ. ಆದ್ದರಿಂದ ತುಕ್ಕನ್ನು ಪೂರ್ತಿ ತೆಗೆದು, ಉಳಿದ ಲೋಹವನ್ನು ತೂಗಿ, ಎಷ್ಟು ಕಡಿಮೆಯಾಯಿತೆಂದು ನೋಡಬೇಕು.

ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೇಲಿನ ತುಕ್ಕನ್ನು ಉಜ್ಜಿ ತೆಗೆದು, ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪಿನ, ಅಂದರೆ ಸಿಟ್ರಿಕ್ ಆಮ್ಲದ, ಶೇಕಡಾ 5ರ ದ್ರಾವಣದಲ್ಲಿ ಎರಡು ಗಂಟೆ ನೆನೆಸಿದರೆ ಉಳಿದದ್ದು ಸಡಿಲವಾಗುತ್ತದೆ. ಇಲ್ಲೊಂದು ತೊಡಕಿದೆ: ಆಮ್ಲ ತುಕ್ಕನ್ನಷ್ಟೇ ತಿನ್ನುವುದಿಲ್ಲ, ಒಳ್ಳೆಯ ಕಬ್ಬಿಣವನ್ನೂ ಸ್ವಲ್ಪ ಕರಗಿಸುತ್ತದೆ. ಆ ನಷ್ಟವನ್ನು ಉಪ್ಪಿನ ಲೆಕ್ಕಕ್ಕೆ ಸೇರಿಸುವುದು ತಪ್ಪು. ಅದಕ್ಕಾಗಿಯೇ ಮೊದಲು ತೆಗೆದಿಟ್ಟ, ಉಪ್ಪುನೀರನ್ನೇ ಕಾಣದ ಹದಿನೈದು ಮೊಳೆಗಳನ್ನು ಐದೈದರ ಮೂರು ಗುಂಪು ಮಾಡಿ, ತೂಗಿ, ಅದೇ ದ್ರಾವಣದಲ್ಲಿ ಅಷ್ಟೇ ಹೊತ್ತು ನೆನೆಸಿ, ಮತ್ತೆ ತೂಗಬೇಕು. ಅವು ಕಳೆದುಕೊಂಡ ತೂಕದ ಸರಾಸರಿಯನ್ನು ಎಲ್ಲ ಫಲಿತಾಂಶಗಳಿಂದಲೂ ಕಳೆಯಬೇಕು. ತೀರ್ಪುಗಾರರಲ್ಲಿ ವಿಷಯ ಬಲ್ಲವರಿದ್ದರೆ ಅವರು ಮೊದಲು ಕೇಳುವ ಪ್ರಶ್ನೆ ಇದೇ.

ಆಮ್ಲದಿಂದ ತೆಗೆದ ಮೊಳೆಯನ್ನು ತೊಳೆದು, ಅಡುಗೆ ಸೋಡಾದ ನೀರಿನಲ್ಲಿ ಅದ್ದಿ, ಮತ್ತೊಮ್ಮೆ ತೊಳೆದು, ಬಟ್ಟೆಯಿಂದ ಒರೆಸಿ, ಹೇರ್ ಡ್ರೈಯರ್‌ನಿಂದ ತಕ್ಷಣ ಒಣಗಿಸಬೇಕು. ಒದ್ದೆಯಾಗಿ ಬಿಟ್ಟರೆ ಕಣ್ಣೆದುರೇ ಹೊಸ ತುಕ್ಕಿನ ಛಾಯೆ ಮೂಡುತ್ತದೆ. ತಣ್ಣಗಾದ ಮೇಲೆ ತೂಗಿ.

ಒಂಬತ್ತನೆಯ ಹಂತ: ಅಂಕಿಗಳನ್ನು ಓದುವುದು

ಪ್ರತಿ ಪ್ರಮಾಣಕ್ಕೂ ಮೂರು ಅಂಕಿಗಳಿರುತ್ತವೆ. ಸರಾಸರಿಯ ಜೊತೆಗೆ ಅತಿ ಕಡಿಮೆ ಮತ್ತು ಅತಿ ಹೆಚ್ಚಿನ ಅಂಕಿಯನ್ನೂ ಕೋಷ್ಟಕದಲ್ಲಿ ಬರೆಯಿರಿ, ನಕ್ಷೆಯಲ್ಲಿ ಆ ಹರವನ್ನು ಲಂಬ ಗೆರೆಯಾಗಿ ತೋರಿಸಿ. ಉದಾಹರಣೆಗೆ, ಒಂದು ಪ್ರಮಾಣದ ಮೂರು ಡಬ್ಬಿಗಳಲ್ಲಿ 0.10, 0.11, 0.12 ಗ್ರಾಂ, ಇನ್ನೊಂದರಲ್ಲಿ 0.09, 0.12, 0.14 ಗ್ರಾಂ ಕಡಿಮೆಯಾಗಿದೆ ಎಂದಿಟ್ಟುಕೊಳ್ಳಿ. ಎರಡನೆಯದರ ಸರಾಸರಿ ತುಸು ಹೆಚ್ಚಿದ್ದರೂ ಹರವುಗಳು ಒಂದರ ಮೇಲೊಂದು ಬೀಳುತ್ತವೆ, ಆದ್ದರಿಂದ ಇವೆರಡರ ನಡುವೆ ವ್ಯತ್ಯಾಸವಿದೆ ಎಂದು ಹೇಳಲು ಈ ಪ್ರಯೋಗ ಸಾಲದು ಎಂದೇ ಬರೆಯಬೇಕು. ಅದು ಸೋಲಲ್ಲ, ಸರಿಯಾದ ತೀರ್ಮಾನ.

ಶೇಕಡಾ 1 ಮತ್ತು 3.5ರ ನಡುವೆ ಹೀಗಾಗುವ ಸಾಧ್ಯತೆ ಹೆಚ್ಚು. ಶೇಕಡಾ 25ರಲ್ಲಿ ನಷ್ಟ ಕಡಿಮೆಯಾಗಿದ್ದರೆ ಆಕ್ಸಿಜನ್ನಿನ ಕಾರಣವನ್ನು ವಿವರಿಸುವ ಜೊತೆಗೆ ಅದನ್ನೂ ಪರೀಕ್ಷಿಸುವ ದಾರಿ ಸೂಚಿಸಿ: ಮೀನಿನ ತೊಟ್ಟಿಗೆ ಬಳಸುವ ಗಾಳಿಯ ಪಂಪನ್ನು ಒಂದು ಡಬ್ಬಿಗೆ ಅಳವಡಿಸಿ, ಇನ್ನೊಂದಕ್ಕೆ ಅಳವಡಿಸದೆ, ಅದೇ ಪ್ರಮಾಣದ ಉಪ್ಪಿನಲ್ಲಿ ಹೋಲಿಸಬಹುದು.

ಕಡಿಮೆ ಸಮಯದಲ್ಲಿ, ಬೇರೆ ದಾರಿಗಳಲ್ಲಿ

ಆರು ವಾರ ಕಾಯಲಾಗದವರಿಗೆ ಒಂದೇ ದಿನದಲ್ಲಿ ಕಣ್ಣು ಸೆಳೆಯುವ ಪ್ರಯೋಗವೊಂದಿದೆ. 100 ಮಿ.ಲೀ. ನೀರಿನಲ್ಲಿ ಒಂದು ಗ್ರಾಂ ಅಗರ್, ಅಂದರೆ ಅಂಗಡಿಯ ಚೈನಾ ಗ್ರಾಸ್, ಕುದಿಸಿ ಕರಗಿಸಿ, ಮೂರು ಗ್ರಾಂ ಉಪ್ಪು ಸೇರಿಸಿ, ಉಗುರುಬೆಚ್ಚಗಾದ ಮೇಲೆ ಕೆಲವು ಹನಿ ಫಿನಾಫ್ತಲೀನ್ ಮತ್ತು ಚಿಟಿಕೆಯಷ್ಟು ಪೊಟ್ಯಾಸಿಯಂ ಫೆರಿಸಯನೈಡ್ ಬೆರೆಸಿ ಮೊಳೆಯ ಮೇಲೆ ಸುರಿಯಬೇಕು. ಕಬ್ಬಿಣ ಕರಗುವ ಜಾಗ ನೀಲಿಯಾಗುತ್ತದೆ, ಹೈಡ್ರಾಕ್ಸೈಡ್ ಉಂಟಾಗುವ ಜಾಗ ಗುಲಾಬಿಯಾಗುತ್ತದೆ. ತಲೆ ಮತ್ತು ತುದಿ ನೀಲಿ, ನಡು ಗುಲಾಬಿಯಾಗಿ ಮೊಳೆಯೊಳಗಿನ ವಿದ್ಯುತ್ಕೋಶ ಕಣ್ಣಿಗೆ ಕಾಣುತ್ತದೆ. ಒಂದು ಮೊಳೆಗೆ ತಾಮ್ರದ ತಂತಿ, ಇನ್ನೊಂದಕ್ಕೆ ಸತುವಿನ ಪಟ್ಟಿ ಸುತ್ತಿ ಹೋಲಿಸಿದರೆ ತಾಮ್ರ ಕಬ್ಬಿಣದ ಸವೆತವನ್ನು ಹೆಚ್ಚಿಸುವುದನ್ನೂ, ಸತು ತಾನು ಸವೆದು ಕಬ್ಬಿಣವನ್ನು ಉಳಿಸುವುದನ್ನೂ ನೋಡಬಹುದು. ಇದೇ ತತ್ವವನ್ನು ಇಂಗ್ಲೆಂಡಿನ ರಸಾಯನವಿಜ್ಞಾನಿ ಹಂಫ್ರಿ ಡೇವಿ 1824ರಲ್ಲಿ ಬ್ರಿಟಿಷ್ ನೌಕಾಪಡೆಯ ಹಡಗುಗಳ ತಾಮ್ರದ ಹೊದಿಕೆಯನ್ನು ಕಾಪಾಡಲು ಬಳಸಿದ್ದರು. ತಾಮ್ರವೇನೋ ಉಳಿಯಿತು, ಆದರೆ ವಿಷಕಾರಿಯಾದ ತಾಮ್ರದ ಅಯಾನುಗಳು ನೀರಿಗೆ ಬಿಡುಗಡೆಯಾಗುವುದು ನಿಂತದ್ದರಿಂದ ಹಡಗಿನ ತಳಕ್ಕೆ ಕಡಲಜೀವಿಗಳು ಅಂಟಿಕೊಳ್ಳತೊಡಗಿದವು.

ಸಮಯ ಹೆಚ್ಚಿರುವವರಿಗೆ ನಮ್ಮ ರಾಜ್ಯವೇ ಒಂದು ಪ್ರಯೋಗಶಾಲೆ. ಕಡಲ ಅಂಚಿನ ಕಾರವಾರ ಅಥವಾ ಮಲ್ಪೆಯಲ್ಲಿರುವ ನೆಂಟರಿಗೆ ಹತ್ತು ಮೊಳೆ, ಒಣಹವೆಯ ಕಲಬುರಗಿ ಅಥವಾ ರಾಯಚೂರಿನವರಿಗೆ ಹತ್ತು ಮೊಳೆ ಕಳುಹಿಸಿ, ಮಳೆ ನೇರವಾಗಿ ಬೀಳದ ಸೂರಿನ ಕೆಳಗೆ ನೈಲಾನ್ ದಾರದಲ್ಲಿ ಎರಡು ಮೂರು ತಿಂಗಳು ತೂಗುಹಾಕಿಸಿ, ಮರಳಿ ತರಿಸಿ ಮೇಲಿನ ಕ್ರಮದಲ್ಲೇ ತೂಗಬಹುದು. ಗಾಳಿಯ ತೇವಾಂಶ ಶೇಕಡಾ 60ನ್ನು ದಾಟಿದ ಮೇಲೆ ಕಬ್ಬಿಣದ ಸವೆತ ಗಮನಾರ್ಹವಾಗಿ ಹೆಚ್ಚುತ್ತದೆ, ಕರಾವಳಿಯಲ್ಲಿ ಅದಕ್ಕೆ ಉಪ್ಪಿನ ಹನಿಗಳೂ ಸೇರುತ್ತವೆ. ಇಲ್ಲಿ ಎರಡು ಅಂಶಗಳು ಒಟ್ಟಿಗೆ ಬದಲಾಗುತ್ತಿವೆ ಎಂಬುದನ್ನು ವರದಿಯಲ್ಲಿ ಒಪ್ಪಿಕೊಳ್ಳಬೇಕು.

ಸುರಕ್ಷತೆ

ಶೌಚಾಲಯ ಶುಚಿಗೊಳಿಸುವ ಆಮ್ಲದಿಂದ ತುಕ್ಕು ತೆಗೆಯುವ ಪ್ರಯತ್ನ ಬೇಡ, ನಿಂಬೆ ಉಪ್ಪೇ ಸಾಕು. ಪೊಟ್ಯಾಸಿಯಂ ಫೆರಿಸಯನೈಡನ್ನು ಶಿಕ್ಷಕರೇ ನಿಭಾಯಿಸಬೇಕು, ಅದಕ್ಕೆ ಆಮ್ಲ ತಾಗಿಸಬಾರದು, ಅದನ್ನು ಕಾಯಿಸಲೂಬಾರದು. ಮೊಳೆ ಉಜ್ಜುವಾಗ ಕೈಗವಸು ಧರಿಸಬೇಕು. ತುಕ್ಕಿನಿಂದ ಧನುರ್ವಾಯು ಬರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ರೋಗಕ್ಕೆ ಕಾರಣ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ, ತುಕ್ಕಲ್ಲ. ಹಾಗಿದ್ದರೂ ಮೊಳೆ ಆಳವಾಗಿ ಚುಚ್ಚಿದರೆ ವೈದ್ಯರನ್ನು ಕಾಣಲೇಬೇಕು.

ವರದಿ ಮತ್ತು ಪ್ರದರ್ಶನ

ಮೊದಲ ಪುಟದಲ್ಲಿ ಪ್ರಶ್ನೆ ಮತ್ತು ಆರಂಭದ ಊಹೆ ಬರೆದಂತೆಯೇ ಇರಲಿ, ತಪ್ಪಾಗಿದ್ದರೂ ಸರಿ. ನಂತರ ವಿಧಾನವನ್ನು ಇನ್ನೊಂದು ಶಾಲೆಯವರು ಓದಿ ಮಾಡಬಲ್ಲಷ್ಟು ವಿವರವಾಗಿ ಬರೆಯಬೇಕು: ಮೊಳೆಯ ಅಳತೆ, ಉಪ್ಪಿನ ಬಗೆ, ನೀರಿನ ಆಳ, ಉಷ್ಣತೆಯ ಏರಿಳಿತ ಯಾವುದನ್ನೂ ಬಿಡಬಾರದು. ಉರುಳಿಬಿದ್ದ ಡಬ್ಬಿ, ನೀರು ತುಂಬಲು ಮರೆತ ದಿನ ಇವುಗಳನ್ನೂ ಮುಚ್ಚಿಡದೆ ದಾಖಲಿಸಬೇಕು. ಚರ್ಚೆಯ ಭಾಗದಲ್ಲಿ ದೆಹಲಿಯ ಮೆಹ್ರೌಲಿಯ ಕಬ್ಬಿಣದ ಸ್ತಂಭವನ್ನು ಪ್ರಸ್ತಾಪಿಸಬಹುದು. ಗುಪ್ತರ ಕಾಲದ ಆ ಸ್ತಂಭದ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಿರುವುದರಿಂದ ಅದರ ಮೇಲೆ ರಕ್ಷಕ ಪದರ ಬೆಳೆದಿದೆ ಎಂದು ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ತೋರಿಸಿಕೊಟ್ಟಿದ್ದಾರೆ. ಮಳೆ ಸುರಿಯುವ ನಮ್ಮ ಕೊಡಚಾದ್ರಿಯ ದೇವಸ್ಥಾನದೆದುರು ನಿಂತಿರುವ ಹಳೆಯ ಕಬ್ಬಿಣದ ಕಂಬವನ್ನು ನೋಡಿಬಂದ ವಿದ್ಯಾರ್ಥಿಗಳಿದ್ದರೆ ಅದರ ಚಿತ್ರವನ್ನೂ ಸೇರಿಸಲಿ.

ಪ್ರದರ್ಶನದ ದಿನ ಪ್ರತಿ ಪ್ರಮಾಣದಿಂದ ಒಂದೊಂದು ಶುಚಿಗೊಳಿಸಿದ ಮೊಳೆ, ಅದರ ಪಕ್ಕದಲ್ಲಿ ತುಕ್ಕು ಹಿಡಿದ ಸ್ಥಿತಿಯ ಫೋಟೋ, ನಡುವೆ ನಕ್ಷೆ, ಕೈಗೆಟಕುವಂತೆ ಮೂಲ ನೋಟ್‌ಬುಕ್ ಇಡಿ. ಉಪ್ಪುನೀರನ್ನು ಗಿಡಗಳಿಗೆ ಸುರಿಯದೆ ಸಾಕಷ್ಟು ನೀರು ಬೆರೆಸಿ ಚರಂಡಿಗೆ ಬಿಡಿ. ಉಳಿದ ಮೊಳೆಗಳಿಗೆ ಎಣ್ಣೆ ಸವರಿ, ಗಾಳಿಯಾಡದ ಡಬ್ಬಿಯಲ್ಲಿ ಚೀಟಿ ಅಂಟಿಸಿ ಎತ್ತಿಟ್ಟರೆ ಮುಂದಿನ ವರ್ಷದ ತಂಡ ಅದೇ ಮೊಳೆಗಳಿಂದ ಗಾಳಿಯ ಪಂಪಿನ ಪ್ರಯೋಗವನ್ನು ಆರಂಭಿಸಬಹುದು.